ನೀರು ಹಣ್ಣಾಗುವ ತನಕ: ಮೀನಿನ ತೊಟ್ಟಿಗಳ ಜೊತೆ ನನ್ನ ದುಡಿಮೆ

ನನ್ನ ಅಕ್ಕನ ಮಗಳು ಕಾವ್ಯ ಹೊಸದುರ್ಗದಲ್ಲಿ ಅಲಂಕಾರದ ಮೀನಿನ ಅಂಗಡಿ ಇಡಲು ಹೊರಟಿದ್ದಾಳೆ. ಮೊನ್ನೆ ಬಂದವಳು, ಚಿಕ್ಕಮ್ಮ, ಸಾಕಲು ಎಲ್ಲಕ್ಕಿಂತ ಕಷ್ಟದ ಮೀನು ಯಾವುದು ಎಂದು ಕೇಳಿದಳು. ಮೀನುಗಳದ್ದೇನೂ ಅಷ್ಟು ತೊಂದರೆ ಇಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅವಳಿಗೂ ಅವಳಂತೆ ಈ ಕೆಲಸಕ್ಕೆ ಬರುವ ಬೇರೆಯವರಿಗೂ ಅರ್ಥವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಇವುಗಳ ಸುತ್ತಮುತ್ತ ಮನೆಮನೆಗೆ ಹೋಗಿ ಮೀನಿನ ತೊಟ್ಟಿ ಕೂರಿಸುವುದು, ತೊಳೆಯುವುದು, ಮೀನಿಗೆ ಹುಷಾರಿಲ್ಲದಿದ್ದರೆ ನೋಡುವುದು ನನ್ನ ಕೆಲಸವಾಗಿತ್ತು. ಮಂಡಿ ನೋವು ಬಂದು ಸ್ಟೂಲ್ ಹತ್ತಲಾರದಾದಾಗ ನಿಲ್ಲಿಸಿದೆ. ಹೆಸರು ನಾಗರತ್ನ. ಗಿರಾಕಿಗಳೆಲ್ಲ ಕರೆದದ್ದು ಮೀನಕ್ಕ ಎಂದು. ಒಬ್ಬರು ತಮ್ಮ ಮೊಬೈಲಿನಲ್ಲಿ ನನ್ನ ನಂಬರನ್ನು 'ಮೀನು ಹೆಂಗಸು' ಎಂದು ಸೇರಿಸಿಕೊಂಡಿದ್ದರು. ಅದನ್ನು ನೋಡಿದ ಅವರ ಮನೆಯವರು ಒಂದು ಭಾನುವಾರ ಬೆಳಿಗ್ಗೆ ನನಗೆ ಫೋನ್ ಮಾಡಿ, ಸಾರಿಗೆ ಆಗುವಂಥದ್ದು ಏನಿದೆ, ಕತ್ತರಿಸಿ ಕೊಡುತ್ತೀರಾ ಎಂದು ವಿಚಾರಿಸಿದ್ದರು.

ಈ ಕೆಲಸ ನನಗೆ ಸಿಕ್ಕಿದ್ದು ನನ್ನ ಕೈ ಉದ್ದ ಎಂಬ ಕಾರಣಕ್ಕೆ. ಹೀಗೆಂದರೆ ಜನ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಚಿತ್ರದುರ್ಗದಲ್ಲಿ ರಹಮತ್ ಸಾಬರ ಮೀನಿನಂಗಡಿ ಇತ್ತು. ಸಾಬರು ಕುಳ್ಳಗೆ ದುಂಡಗೆ ಇದ್ದರು. ನಾನು ಅಣ್ಣನ ಮಕ್ಕಳಿಗೆ ಒಂದು ಜೊತೆ ಮೀನು ಕೊಳ್ಳಲು ಹೋದಾಗ ಅವರು ಸ್ಟೂಲಿನ ಮೇಲೆ ನಿಂತು, ಹೆಗಲವರೆಗೆ ತೊಟ್ಟಿಯೊಳಗೆ ಕೈ ಇಳಿಬಿಟ್ಟು, ಒಳಗೆ ಬಿದ್ದುಹೋದ ಕನ್ನಡಕಕ್ಕಾಗಿ ತಡಕಾಡುತ್ತಿದ್ದರು. ತಳ ಮುಟ್ಟುತ್ತಿರಲಿಲ್ಲ. ನಾನು ನೆಲದ ಮೇಲೆ ನಿಂತೇ ಕೈ ಹಾಕಿ ತೆಗೆದುಕೊಟ್ಟೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು, ಮೊದಲು ನನ್ನ ಕೈ ನೋಡಿದರು, ಆಮೇಲೆ ಮುಖ ನೋಡಿದರು, ನಾಳೆಯಿಂದ ಕೆಲಸಕ್ಕೆ ಬರಲಾಗುತ್ತದೆಯೇ ಎಂದು ಕೇಳಿದರು. ನನ್ನ ಸಂದರ್ಶನ ಮುಗಿದದ್ದು ಹಾಗೆ.

ಸಾಬರಂಥ ವ್ಯಾಪಾರಿಯನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಮೀನು ಮಾರಲು ಅವರಿಗೆ ಇಷ್ಟವೇ ಇರಲಿಲ್ಲ. ಹೆಣ್ಣು ಕೊಡುವ ಮನೆಯನ್ನು ವಿಚಾರಿಸುವಂತೆ ಗಿರಾಕಿಗಳನ್ನು ವಿಚಾರಿಸುತ್ತಿದ್ದರು. ತೊಟ್ಟಿಯನ್ನು ಎಲ್ಲಿಡುತ್ತೀರಿ, ಕಿಟಕಿ ಬಿಸಿಲು ಬೀಳುತ್ತದೆಯೇ, ಬಿದ್ದರೆ ನೀರು ಪಾಚಿಗಟ್ಟುತ್ತದೆ, ಮೇಜು ಗಟ್ಟಿಯಿದೆಯೇ, ಮನೆಯಲ್ಲಿ ಯಾರಿಗಾದರೂ ಗಾಜು ಬಡಿಯುವ ಚಾಳಿ ಇದೆಯೇ. ಉತ್ತರ ಹಿಡಿಸದಿದ್ದರೆ ಆ ಮೀನು ಆಗಲೇ ಬೇರೆಯವರಿಗೆ ನಿಶ್ಚಯವಾಗಿದೆ ಎಂದುಬಿಡುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಪೇಚಾಟ ಹೊಸ ತೊಟ್ಟಿ ಕೊಳ್ಳಲು ಬಂದವರ ಜೊತೆಗೆ. ಸಾಬರು ಅವರಿಗೆ ತೊಟ್ಟಿ, ಕಲ್ಲು, ಗಾಳಿ ಪಂಪು, ನೀರು ಸೋಸುವ ಸ್ಪಂಜು ಎಲ್ಲವನ್ನೂ ಕೊಟ್ಟು, ಮೀನು ಮಾತ್ರ ಕೊಡದೆ ಕಳಿಸುತ್ತಿದ್ದರು. "ಹೊಸ ನೀರು ಕಾಯಿ ಇದ್ದಂಗೆ ಬೇಟಿ," ಎಂದು ನನಗೆ ಹೇಳಿಕೊಟ್ಟರು. "ಹಣ್ಣಾಗ್ಬೇಕು. ಆಮ್ಯಾಲೆ ಮೀನು."

ನೀರು ಹಣ್ಣಾಗುವುದೆಂದರೆ ಇಷ್ಟೆ. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ಆ ವಿಷವನ್ನು ತಿಂದು ಹಗುರ ಮಾಡುವ, ಕಣ್ಣಿಗೆ ಕಾಣದ ಜೀವಗಳು ಸ್ಪಂಜಿನಲ್ಲಿ, ಕಲ್ಲಿನಲ್ಲಿ ಬೆಳೆಯಬೇಕು. ಅದಕ್ಕೆ ಮೂರೋ ನಾಲ್ಕೋ ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಲ್ಲಿಯವರೆಗೆ ಪಂಪು ಓಡುತ್ತಿರಬೇಕು, ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಬೇಕು, ಮೀನು ಇರಬಾರದು. ಇದನ್ನು ಕೇಳಿದ ಗಿರಾಕಿಯ ಮುಖ ಹೇಗಾಗುತ್ತದೆ ಎಂದು ಕಾವ್ಯ ಇನ್ನು ಮುಂದೆ ನೋಡಲಿದ್ದಾಳೆ. ಮೀನಿಲ್ಲದ ತೊಟ್ಟಿಗೆ ಮೀನಿನ ಊಟ ಹಾಕಿ ಎಂದರೆ ಯಾರು ತಾನೇ ನಂಬುತ್ತಾರೆ. ಮತ್ತೋಡಿನಿಂದ ಬಂದ ಒಬ್ಬರು ಸಾಬರ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, "ಬರೀ ನೀರು ನೋಡಾಕೆ ಇಷ್ಟು ದೂರ ಬರ್ಬೇಕಿತ್ತೇನ್ರಿ, ನೀರು ನಮ್ಮನೇಲೂ ಐತೆ," ಎಂದು ಹೊರಟುಹೋದರು. ಮಾರನೆಯ ವಾರ ತಮ್ಮೂರಿನ ಕೆರೆಯಿಂದ ಒಂದು ಜಿಲೇಬಿ ಮೀನಿನ ಮರಿ ಹಿಡಿದು, ಬೇರೆ ಕಡೆ ಕೊಂಡ ಗಪ್ಪಿ ಎಂಬ ಪುಟ್ಟ ಮೀನುಗಳ ಜೊತೆ ಬಿಟ್ಟರಂತೆ. ಆಮೇಲೆ ಅಂಗಡಿಗೆ ಬಂದು, ಸಣ್ಣವೆಲ್ಲ ಎಲ್ಲಿ ಹೋದವೋ ಗೊತ್ತಿಲ್ಲ, ಆದರೆ ಜಿಲೇಬಿ ಚೆನ್ನಾಗಿ ಬೆಳೆಯುತ್ತಿದೆ ಎಂದು ಸಂತೋಷದಿಂದ ತಿಳಿಸಿದರು.

ಮನೆಗಳಿಗೆ ನನ್ನನ್ನು ಒಬ್ಬಳನ್ನೇ ಕಳಿಸತೊಡಗಿದಾಗ ಮೊದಲು ಸಿಕ್ಕವರು ಚಿತ್ರದುರ್ಗದ ಸರೋಜಮ್ಮ. ಅವರ ಮನೆಯಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ತೊಟ್ಟಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ನೀರು ಎಷ್ಟು ತಿಳಿಯೆಂದರೆ ಮೀನುಗಳು ಗಾಳಿಯಲ್ಲಿ ತೂಗಿದಂತೆ ಕಾಣುತ್ತಿದ್ದವು. ಆದರೂ ಶನಿವಾರ ಭಾನುವಾರದ ಹೊತ್ತಿಗೆ ಒಂದಾದರೂ ಸತ್ತಿರುತ್ತಿತ್ತು. ಯಾರದೋ ಕಣ್ಣು ಬಿದ್ದಿದೆ ಎಂಬುದು ಅವರ ಅನುಮಾನ. ಅಕ್ಕಪಕ್ಕದ ಮೂರು ಮನೆಯವರ ಮೇಲೆ ಅದು ತಿರುಗಿ ತಿರುಗಿ ಬರುತ್ತಿತ್ತು.

ನಾನು ಒಂದು ಶುಕ್ರವಾರ ಹೋಗಿ ನೋಡಿದೆ. ಸರೋಜಮ್ಮ ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ನೀರನ್ನೆಲ್ಲ ತೆಗೆದು, ಕಲ್ಲುಗಳನ್ನು ಅಕ್ಕಿ ತೊಳೆದಂತೆ ತೊಳೆದು, ಸ್ಪಂಜನ್ನು ನಲ್ಲಿಯ ಕೆಳಗೆ ಬೆಳ್ಳಗಾಗುವವರೆಗೆ ಹಿಂಡಿ, ಹೊಸ ನಲ್ಲಿ ನೀರು ತುಂಬಿಸಿದರು. ಮೀನುಗಳನ್ನೂ ಜರಡಿಗೆ ಹಾಕಿ ಒಂದು ಚೊಂಬು ನೀರು ಹುಯ್ಯಲು ಹೋದಾಗ ನಾನು ಕೈ ಹಿಡಿದೆ. ಕಾಣದ ಜೀವಗಳ ಕಥೆ ಹೇಳಿದೆ. ಕಾಣದ ಜೀವ ಎಂದದ್ದೇ ತಪ್ಪಾಯಿತು, ಇನ್ನೂ ಜೋರಾಗಿ ಉಜ್ಜಿದರು. ಕೊನೆಗೆ ನನಗೆ ಕಾಫಿ ತರಲು ಅಡುಗೆಮನೆಗೆ ಹೋದವರು ಅಲ್ಲಿಂದಲೇ, ಇದು ಮೊಸರಿಗೆ ಹಾಕುವ ಹೆಪ್ಪಿನಂಥದ್ದೇನು ಎಂದು ಕೇಳಿದರು. ನಾನು ಅದೇ, ಅದೇ ಎಂದೆ. ಹೆಪ್ಪು ತೊಳೆದು ಚೆಲ್ಲಿದರೆ ಮೊಸರು ಹೇಗಾಗಬೇಕು ಎಂದು ತಮ್ಮನ್ನು ತಾವೇ ಬೈದುಕೊಂಡರು.

ಅಂದಿನಿಂದ ನಾನು ಎಲ್ಲರಿಗೂ ಅವರ ಮಾತನ್ನೇ ಹೇಳಿದೆ. ಸ್ಪಂಜು ಹೆಪ್ಪು. ಅದನ್ನು ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಮೆಲ್ಲಗೆ ಅದ್ದಿ ಹಿಂಡಬೇಕು, ನಲ್ಲಿ ನೀರು ತಾಕಿಸಬಾರದು. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಹಿಂದಿನ ದಿನವೇ ಬಕೆಟ್ಟಿನಲ್ಲಿ ಬಾಯಿ ತೆರೆದಿಟ್ಟ ನೀರು ಹಾಕಬೇಕು. ಸೋಪು ಹತ್ತಿರ ಸುಳಿಯಬಾರದು. ಸರೋಜಮ್ಮನ ಮೀನು ಸಾಯುವುದು ನಿಂತಿತು. ಆದರೆ ಶುಕ್ರವಾರ ಸುಮ್ಮನೆ ಕೂರುವುದು ಅವರಿಗೆ ಬಹಳ ಕಷ್ಟವಾಯಿತು. ನಾನು ಹೋದಾಗಲೆಲ್ಲ ತೊಟ್ಟಿಯ ಹೊರಗಿನ ಗಾಜು ತಿಕ್ಕುತ್ತ ನಿಂತಿರುತ್ತಿದ್ದರು.

ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿ ಮಲ್ಲಿಕಣ್ಣನವರದು ಕೂಡು ಕುಟುಂಬ. ಅವರ ಮನೆಯ ಗೋಲ್ಡ್ ಫಿಶ್‌ಗಳು ಹೊಟ್ಟೆ ಮೇಲಾಗಿ ತೇಲುತ್ತಿವೆ, ಮುಳುಗಲು ಆಗುತ್ತಿಲ್ಲ ಎಂದು ಕರೆದಿದ್ದರು. ಊಟ ಎಷ್ಟು ಸಲ ಹಾಕುತ್ತೀರಿ ಎಂದು ಕೇಳಿದೆ. ದಿನಕ್ಕೆ ಒಂದೇ ಸಲ ಎಂದರು. ಹೆಂಡತಿಯನ್ನು ಕೇಳಿದೆ, ಒಂದೇ ಸಲ. ತಮ್ಮನನ್ನು ಕೇಳಿದೆ, ಅವನೂ ಹಾಗೇ ಹೇಳಿದ. ಯಾರ ಮುಖದಲ್ಲೂ ಸುಳ್ಳಿನ ಸುಳಿವಿಲ್ಲ.

ನಾನು ಗಾಜು ಒರೆಸುವ ನೆಪದಲ್ಲಿ ಬೆಳಗಿನಿಂದ ಅಲ್ಲೇ ಉಳಿದೆ. ಮಲ್ಲಿಕಣ್ಣ ಮಂಡಿಗೆ ಹೊರಡುವ ಮುನ್ನ ಒಂದು ಹಿಡಿ ಹಾಕಿ ಕೈ ಮುಗಿದು ಹೋದರು. ತಮ್ಮ ಹಲ್ಲುಜ್ಜುತ್ತಾ ಬಂದು ಹಾಕಿದ. ಹೆಂಡತಿ ಒಲೆ ಮೇಲೆ ಅನ್ನವಿಟ್ಟು ಬಂದು ಹಾಕಿದರು. ಮಕ್ಕಳು ಶಾಲೆಗೆ ಹೊರಡುವಾಗ ತಲಾ ಒಂದು ಚಿಟಿಕೆ. ಅಡುಗೆಯವಳು ಯಾರೂ ಇಲ್ಲದ್ದು ನೋಡಿ ಹಾಕಿದಳು. ಕೀಲಿಕೈ ಒಯ್ಯಲು ಮಂಡಿಯಿಂದ ಬಂದ ಹಮಾಲಿ ಕೂಡ, ನಾನೊಂದು ಸಲ ಹಾಕಲೇ ಎಂದು ನನ್ನನ್ನು ಕೇಳಿದ. ಕೊನೆಗೆ ಮಲ್ಲಿಕಣ್ಣನ ತಾಯಿ ಗೌರಜ್ಜಿ ಪೂಜೆ ಮುಗಿಸಿ ಬಂದು, ದೇವರ ಮುಂದೆ ಒಡೆದ ಕಾಯಿಯ ತುರಿಯನ್ನು ಪ್ರಸಾದವೆಂದು ನೀರಿಗೆ ಉದುರಿಸಿದರು. ನೀರಿನ ಮೇಲೆ ಎಣ್ಣೆಯ ಪದರ ಏಕಿದೆ ಎಂದು ನಾನು ತಲೆ ಕೆಡಿಸಿಕೊಂಡದ್ದು ಅಲ್ಲಿಗೆ ಬಗೆಹರಿಯಿತು. ಎಲ್ಲರೂ ಹೇಳಿದ್ದು ನಿಜವೇ. ಒಬ್ಬೊಬ್ಬರೂ ದಿನಕ್ಕೆ ಒಂದೇ ಸಲ ಹಾಕುತ್ತಿದ್ದರು.

ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಹೇಳಿದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಬೇಕು, ಒಬ್ಬರೇ ಹಾಕಬೇಕು, ಒಂದು ದಿನ ಹಾಕದಿದ್ದರೂ ಏನೂ ಆಗುವುದಿಲ್ಲ. ಆ ಒಬ್ಬರು ಯಾರು ಎಂಬ ಪ್ರಶ್ನೆಗೆ ದೊಡ್ಡ ಜಗಳವಾಯಿತು. ಡಬ್ಬಿ ತಮಗೇ ಬೇಕೆಂದು ಎಲ್ಲರೂ ಪಟ್ಟು ಹಿಡಿದರು, ತಮ್ಮನ ಹೆಂಡತಿ ಲಲಿತ ಒಬ್ಬಳನ್ನು ಬಿಟ್ಟು. ಆಕೆಗೆ ಮೀನು ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಡಬ್ಬಿ ಆಕೆಯ ಕೈಗೇ ಹೋಗಬೇಕೆಂದು ನಾನು ಹೇಳಿದೆ. ಕಾವ್ಯ ಇದನ್ನು ನೆನಪಿಡಬೇಕು: ಮೀನನ್ನು ಪ್ರೀತಿಸದವರ ಕೈಯಲ್ಲಿ ಊಟದ ಡಬ್ಬಿ ಇದ್ದರೆ ಮೀನು ಬಹಳ ಕಾಲ ಬದುಕುತ್ತದೆ. ಲಲಿತ ಮುಖ ಆ ಕಡೆ ತಿರುಗಿಸಿಕೊಂಡು, ದೂರದಿಂದ ಒಂದು ಚಿಟಿಕೆ ಎಸೆದು ಓಡಿಬಿಡುತ್ತಿದ್ದಳು. ಅಷ್ಟೇ ಬೇಕಾಗಿದ್ದದ್ದು.

ವಾರಕ್ಕೊಂದು ದಿನ ಮೀನಿಗೆ ಉಪವಾಸವಿರಲಿ ಎಂಬ ಮಾತಿಗೆ ಗೌರಜ್ಜಿ ಮೊದಲು ಒಪ್ಪಲಿಲ್ಲ. ಹಸಿದ ಜೀವಕ್ಕೆ ಊಟ ತಪ್ಪಿಸುವುದು ಯಾವ ಧರ್ಮ ಎಂದರು. ಕೊನೆಗೆ ಅವರೇ, "ಸೋಮವಾರ ನಂದೂ ಒಪ್ಪೊತ್ತು ಐತೆ. ಅವೂ ನನ್ ಜತೇಗೆ ಮಾಡ್ಲಿ ಬಿಡು," ಎಂದರು. ಆಮೇಲೆ ಸೋಮವಾರಗಳಲ್ಲಿ ಅಜ್ಜಿ ಕುರ್ಚಿ ಹಾಕಿಕೊಂಡು ತೊಟ್ಟಿಯ ಮುಂದೆ ಕೂತು, ಯಾರೂ ವ್ರತ ಕೆಡಿಸದಂತೆ ಕಾಯುತ್ತಿದ್ದರು. ಮೀನುಗಳು ತಿಂಗಳೊಳಗೆ ನೆಟ್ಟಗಾದವು.

ನೀರು ಬದಲಿಸುವ ವಿಷಯದಲ್ಲಿ ಮಾತ್ರ ನನಗೆ ಪಾಠ ಹೇಳಿದ್ದು ಒಂದು ಕುರಿಮರಿ. ಯಲ್ಲದಕೆರೆಯಲ್ಲಿ ಕುರಿ ಮಂದೆ ಇದ್ದ ಒಂದು ಮನೆ. ಸೊಸೆ ಲಕ್ಷ್ಮಿಗೆ ತವರಿನಿಂದ ತೊಟ್ಟಿ ಬಂದಿತ್ತು. ಒಂದು ದಿನ ಫೋನ್ ಮಾಡಿ, ತೊಟ್ಟಿ ಸೋರುತ್ತಿದೆ, ದಿನಾ ಒಂದೆರಡು ಬೆರಳು ನೀರು ಇಳಿಯುತ್ತದೆ ಎಂದಳು. ನಾನು ಹೋಗಿ ಗಾಜಿನ ಅಂಚುಗಳನ್ನೆಲ್ಲ ನೋಡಿದೆ. ಕೆಳಗಿನ ಮಣ್ಣಿನ ನೆಲ ಒಣಗಿ ಬಿರಿದಿತ್ತು. ಸೋರಿದ ಗುರುತೇ ಇಲ್ಲ. ಮಾವ ಈರಜ್ಜ, ಬಿಸಿಲಿಗೆ ಆರುತ್ತಿದೆ ಎಂದರು. ಲಕ್ಷ್ಮಿಯ ಗಂಡ, ಮೀನೇ ಕುಡಿಯುತ್ತಿವೆ ಎಂದ. ತಮಾಷೆಗೆ ಹೇಳಿದ್ದಲ್ಲ.

ಊಟ ಮಾಡಿಕೊಂಡು ಹೋಗಿ ಎಂದು ಕೂರಿಸಿದರು. ಮುದ್ದೆ ಮುರಿಯುತ್ತಿದ್ದಾಗ ಒಂದು ಕುರಿಮರಿ ಒಳಗೆ ಬಂತು. ತಾಯಿ ಸತ್ತದ್ದರಿಂದ ಬಾಟಲಿ ಹಾಲಿನಲ್ಲಿ ಸಾಕಿದ ಮರಿ, ಮನೆಯೊಳಗೆ ಅದಕ್ಕೆ ಅಡ್ಡಿಯಿರಲಿಲ್ಲ. ಅದು ನೆಟ್ಟಗೆ ಹೋಗಿ, ತೊಟ್ಟಿಯ ಪಕ್ಕದ ಮಂಚದ ಮೇಲೆ ಮುಂಗಾಲಿಟ್ಟು, ತೊಟ್ಟಿಗೆ ಮೂತಿ ಹಾಕಿ ಸೊರ್ರೆಂದು ಕುಡಿಯತೊಡಗಿತು. ಮೀನುಗಳು ಅಭ್ಯಾಸವಾದವರಂತೆ ಪಕ್ಕಕ್ಕೆ ಸರಿದುಕೊಂಡವು. ಕುಡಿದ ಮೇಲೆ ನೀರಿನ ಗಿಡದ ಒಂದು ಎಲೆ ಕಿತ್ತು ಅಗಿಯುತ್ತಾ ಹೊರಟುಹೋಯಿತು. ಈರಜ್ಜ ನನ್ನ ಮುಖ ನೋಡಿ, "ಆರ್ತೈತೆ ಅಂದ್ನಲ್ಲ," ಎಂದರು.

ನಾನು ತೊಟ್ಟಿಗೊಂದು ಮುಚ್ಚಳ ಹಾಕಿಸಿದೆ. ತಪ್ಪಾದದ್ದು ಅಲ್ಲಿ. ಅಲ್ಲಿಯವರೆಗೆ ನನ್ನ ಸುತ್ತಾಟದಲ್ಲಿ ಅಷ್ಟು ಗೆಲುವಾದ ಮೀನುಗಳು ಇನ್ನೆಲ್ಲೂ ಇರಲಿಲ್ಲ. ಮುಚ್ಚಳ ಬಿದ್ದ ಮೇಲೆ ಅವು ಮಂಕಾದವು. ಕಾರಣ ಹುಡುಕಿದಾಗ ತಿಳಿಯಿತು, ನೀರು ಆರಿದರೆ ಕೊಳೆ ತೊಟ್ಟಿಯಲ್ಲೇ ಉಳಿಯುತ್ತದೆ, ಆದರೆ ಮರಿ ಕೊಳೆಯ ಸಮೇತ ಕುಡಿದುಬಿಡುತ್ತಿತ್ತು. ಲಕ್ಷ್ಮಿ ಹೊಸ ನೀರು ತುಂಬುತ್ತಿದ್ದಳು. ಊರಿಗೆಲ್ಲ ನಾನು ಬೋಧಿಸುತ್ತಿದ್ದ ಕಾಲು ಭಾಗ ನೀರು ಬದಲಾವಣೆಯನ್ನು ತಪ್ಪದೆ ಮಾಡುತ್ತಿದ್ದದ್ದು ಆ ಒಂದು ಪ್ರಾಣಿ. ಮುಚ್ಚಳ ಇರಲಿ, ನೀನೇ ಮಗ್ಗಿನಲ್ಲಿ ನೀರು ತೆಗೆದು ಮರಿಗೆ ಕುಡಿಸು, ತೊಟ್ಟಿಗೆ ಔಷಧಿ ಹಾಕಿದ ವಾರ ಮಾತ್ರ ಕುಡಿಸಬೇಡ ಎಂದು ಹೇಳಿ ಬಂದೆ. ಮರಿ ಬೇರೆ ನೀರು ಮುಟ್ಟುವುದಿಲ್ಲವೆಂದು ಆಮೇಲೆ ದೂರು ಬಂತು. ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ.

ಆಮೇಲೆ ವಿಡಿಯೋ ಫೋನಿನ ಕಾಲ ಬಂತು. ಮೊದಲಾದರೆ ಜನ ಸತ್ತ ಮೀನನ್ನು ಊಟದ ಡಬ್ಬಿಯಲ್ಲಿ ತಂದು ತೋರಿಸುತ್ತಿದ್ದರು. ಈಗ ಬದುಕಿರುವಾಗಲೇ ವಿಡಿಯೋ ಕಾಲ್ ಮಾಡುತ್ತಾರೆ, ಅದು ಒಳ್ಳೆಯದೇ. ಚಿತ್ರದುರ್ಗದ ಒಬ್ಬರು ಹೀಗೆ ಕರೆ ಮಾಡಿ, ಮೀನಿಗೆ ಬಿಳಿ ಚುಕ್ಕೆ ರೋಗ ಬಂದಿದೆ ಎಂದು ಗಾಬರಿಯಾಗಿದ್ದರು. ನೋಡಿದರೆ ಮೈಯೆಲ್ಲ ಚುಕ್ಕೆ. ಫೋನು ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ ಎಂದೆ. ಚುಕ್ಕೆ ಗೋಡೆಗೆ ಬಂತು, ಅಲ್ಲಿಂದ ಅವರ ಅತ್ತೆಯ ಮುಖಕ್ಕೂ ಬಂತು. ಫೋನಿನ ಕ್ಯಾಮೆರಾಕ್ಕೆ ರಂಗೋಲಿ ಪುಡಿ ಮೆತ್ತಿಕೊಂಡಿತ್ತು. ಕಾವ್ಯ, ಔಷಧಿ ಹೇಳುವ ಮೊದಲು ಬೇರೆಯದನ್ನೂ ತೋರಿಸಲು ಹೇಳು.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಹೊಳಲ್ಕೆರೆಯ ಅಣ್ಣತಮ್ಮಂದಿರ ಮನೆ. ಅಣ್ಣ ಚಂದ್ರಪ್ಪನವರದು ಹಿಟ್ಟಿನ ಗಿರಣಿ. ತಮ್ಮ ರುದ್ರಪ್ಪನವರದು ತಗಡು ಕತ್ತರಿಸುವ ಅಂಗಡಿ. ಹಗಲೆಲ್ಲ ಗಿರಣಿ ಸದ್ದಿನಲ್ಲಿ ಒಬ್ಬರು, ತಗಡಿನ ಸದ್ದಿನಲ್ಲಿ ಇನ್ನೊಬ್ಬರು ಕೂಗಿ ಕೂಗಿ ಮಾತಾಡಿ, ಮನೆಗೆ ಬಂದರೂ ಅದೇ ಗಂಟಲು. ಉಪ್ಪು ಕೊಡು ಎಂದರೆ ಬೀದಿಯವರು ತಿರುಗಿ ನೋಡುತ್ತಿದ್ದರು. ಒಂದು ದಿನ ನೀರಿನ ಮೋಟಾರು ಆಫ್ ಮಾಡದೆ ಬಿಟ್ಟವರು ಯಾರು ಎಂಬ ಮಾತು ಹುಟ್ಟಿ, ಆ ಗಂಟಲಿನಲ್ಲಿ ಬೆಳೆದು, ಮನೆ ಪಾಲಾಗಬೇಕು ಎಂಬಲ್ಲಿಗೆ ಬಂದು ನಿಂತಿತು. ಚಂದ್ರಪ್ಪ ಸಿಟ್ಟಿನಲ್ಲಿ ಗಾರೆ ಕೆಲಸದವನನ್ನು ಕರೆಸಿ, ನಡುಮನೆಯ ಮಧ್ಯೆ ಗೋಡೆ ಏಳಬೇಕಾದ ಕಡೆ ಸುಣ್ಣದ ಗೆರೆ ಎಳೆಸಿದರು. ರುದ್ರಪ್ಪ ಅಷ್ಟೇ ಸಿಟ್ಟಿನಲ್ಲಿ ಹೂಂ ಅಂದರು. ಇಟ್ಟಿಗೆಯೂ ಬಂತು. ಆಮೇಲೆ ಇಬ್ಬರಿಗೂ ಊಟ ಸೇರಲಿಲ್ಲವಂತೆ. ಆದರೆ ಬೇಡ ಎಂದು ಮೊದಲು ಹೇಳುವವರು ಯಾರು.

ರುದ್ರಪ್ಪ ನನ್ನನ್ನು ಕರೆಸಿದ್ದು ಆಗ. ಇದ್ದುದರಲ್ಲೇ ದೊಡ್ಡ ತೊಟ್ಟಿ ಬೇಕು ಎಂದರು. ಅದನ್ನು ಆ ಸುಣ್ಣದ ಗೆರೆಯ ಮೇಲೆ ಕೂರಿಸಬೇಕು ಎಂದಾಗ ನನಗೆ ವಿಚಿತ್ರವೆನಿಸಿತು. ಗುಟ್ಟು ಹೇಳುತ್ತೇನೆ ಬನ್ನಿ ಎಂದು ಹಿತ್ತಲಿಗೆ ಕರೆದುಕೊಂಡು ಹೋದರು. ಮೀನಿರುವ ತೊಟ್ಟಿಯನ್ನು ಎತ್ತಿ ಹಾಕಿ ಗೋಡೆ ಕಟ್ಟುವಷ್ಟು ಕಲ್ಲು ಮನಸ್ಸು ನಮ್ಮಣ್ಣನದಲ್ಲ ಎಂಬುದು ಅವರ ಲೆಕ್ಕ. ಅವರು ಗುಟ್ಟು ಹೇಳಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು.

ನಾನು ತೊಟ್ಟಿ ಕೂರಿಸಿ, ಕಲ್ಲು ಜೋಡಿಸಿ, ನೀರು ತುಂಬಿಸಿದೆ. ಮೀನು ಈಗಲೇ ಬಿಡುವಂತಿಲ್ಲ, ನೀರು ಹಣ್ಣಾಗಬೇಕು ಎಂದೆ. ರುದ್ರಪ್ಪನವರ ಮುಖ ಇಳಿದುಹೋಯಿತು. "ಖಾಲಿ ಗಾಜಿನ ಡಬ್ಬ ಅಂದ್ರೆ ನಮ್ಮಣ್ಣ ನಾಳೇನೇ ಎತ್ತಿ ಪಕ್ಕಕ್ಕಿಡ್ತಾನ್ರಿ. ಒಂದಾದ್ರೂ ಬಿಡ್ರಿ," ಎಂದರು. ಬಿಟ್ಟರೆ ಸಾಯುತ್ತದೆ, ಸತ್ತ ಮೀನಿನ ತೊಟ್ಟಿಯನ್ನು ಇನ್ನೂ ಬೇಗ ಎತ್ತಿಡುತ್ತಾರೆ ಎಂದೆ.

ಅಷ್ಟರಲ್ಲಿ ಚಂದ್ರಪ್ಪನವರೇ ಒಳಗೆ ಬಂದರು. ಹುಬ್ಬಿನ ಮೇಲೆಲ್ಲ ಹಿಟ್ಟು. ತೊಟ್ಟಿಯನ್ನು ಒಂದು ಸುತ್ತು ಬಂದು, ಮೀನೆಲ್ಲಿ ಎಂದು ಕೇಳಿದರು. ಅಣ್ಣತಮ್ಮಂದಿರು ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು ಅದು. ರುದ್ರಪ್ಪ ನೆಲ ನೋಡುತ್ತ, "ಕಲ್ಲಿನ ಹಿಂದೆ ಐತೆ. ಸದ್ದಾದ್ರೆ ಹೊರಕ್ಕೆ ಬರಲ್ಲ," ಎಂದರು. ಚಂದ್ರಪ್ಪ ನನ್ನ ಕಡೆ ತಿರುಗಿದರು. ಮೀನಿಗೆ ಗಲಾಟೆ ಒಳ್ಳೆಯದಲ್ಲ ಎಂದು ನಾನೂ ಹೇಳಿದೆ. ಯಾವ ಮೀನಿಗಾದರೂ ಅದು ಸತ್ಯವೇ. ನನ್ನ ಚೀಲ ಎತ್ತಿಕೊಂಡು ಬೇಗನೆ ಹೊರಟುಬಂದೆ.

ಮುಂದಿನ ವಾರ ಹೋದಾಗ ಬೀದಿಯಲ್ಲಿ ಸದ್ದೇ ಇರಲಿಲ್ಲ. ಮನೆಯಲ್ಲಿ ಏನೋ ಕೆಟ್ಟದಾಗಿದೆ ಎಂದುಕೊಂಡು ಹೆದರುತ್ತಾ ಬಾಗಿಲು ತಟ್ಟಿದೆ. ರುದ್ರಪ್ಪನವರ ಹೆಂಡತಿ ಶಾರದಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡು ಬಾಗಿಲು ತೆಗೆದರು. ಒಳಗೆ ಚಂದ್ರಪ್ಪ ತೊಟ್ಟಿಯ ಮುಂದೆ ಚಾಪೆ ಹಾಕಿ ಕೂತಿದ್ದರು. ಅವರ ತಾಯಿ ಪಕ್ಕದಲ್ಲಿ. ಇಬ್ಬರೂ ಕಲ್ಲಿನ ಕಡೆಗೇ ನೋಡುತ್ತಿದ್ದರು. ಮನೆಯಲ್ಲಿ ಪಾತ್ರೆಗಳನ್ನು ಕೂಡ ಬಟ್ಟೆಯ ಮೇಲೆ ಇಡುತ್ತಿದ್ದಾರೆಂದು ಶಾರದಮ್ಮ ಪಿಸುಗುಟ್ಟಿದರು. ಹಿಂದಿನ ಸಂಜೆ ಚಂದ್ರಪ್ಪನವರಿಗೆ ಬಾಲ ಕಂಡಿತ್ತಂತೆ. ತಾಯಿಗೆ ಅದಕ್ಕೂ ಮೊದಲೇ ತಲೆ ಕಂಡಿತ್ತು, ಹಣೆಯ ಮೇಲೆ ಕುಂಕುಮದಂಥ ಕೆಂಪು ಇತ್ತು. ಕೆಂಪೋ ಕೇಸರಿಯೋ ಎಂದು ತಾಯಿ ಮಗ ವಾದ ಮಾಡುತ್ತಿದ್ದರು, ಅದೂ ಪಿಸುಮಾತಿನಲ್ಲಿ. ರುದ್ರಪ್ಪ ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳುತ್ತ ಬೆವರುತ್ತಿದ್ದರು.

ಪಾಲು ಮಾಡಿಸಲು ಊರಿನ ಹಿರಿಯರಿಬ್ಬರು ಬಂದದ್ದು ಆ ದಿನಗಳಲ್ಲೇ. ಮಾತು ತೆಗೆಯುವ ಮೊದಲೇ ತಾಯಿ ಅವರನ್ನು ಸನ್ನೆ ಮಾಡಿ ಚಾಪೆಯ ಮೇಲೆ ಕೂರಿಸಿದರಂತೆ. ಅವರೂ ಕಲ್ಲನ್ನು ನೋಡುತ್ತ ಕೂತರು. ಕಾಫಿ ಬಂತು, ಸದ್ದಿಲ್ಲದೆ ಕುಡಿದರು. ಏಳುವಾಗ ಒಬ್ಬರು, ಇವತ್ತು ಬಿಸಿಲು ಜಾಸ್ತಿ, ಅದಕ್ಕೇ ಬರಲಿಲ್ಲ, ಇನ್ನೊಂದು ದಿನ ಬರುತ್ತೇವೆ ಎಂದರು. ಪಾಲಿನ ಮಾತು ಆಡಲೇ ಇಲ್ಲ. ಅಂಥ ಮಾತನ್ನು ಪಿಸುಗುಟ್ಟಿಕೊಂಡು ಹೇಗೆ ತಾನೇ ಆಡುವುದು.

ಕೆಲವು ವಾರ ಹೀಗೆ ಕಳೆದು, ರುದ್ರಪ್ಪನವರೂ ಅಣ್ಣನ ಚಾಪೆಗೆ ಬಂದು ಕೂರತೊಡಗಿದ್ದರು. ನೀರನ್ನು ಪರೀಕ್ಷೆ ಮಾಡಿದಾಗ ಹಣ್ಣಾಗಿತ್ತು. ರುದ್ರಪ್ಪನವರು ನಿರಾಳವಾದರು, ಇನ್ನು ಸುಳ್ಳು ಹೇಳಬೇಕಾಗಿಲ್ಲ. ಹೊಳಲ್ಕೆರೆಯ ಬೋರ್‌ವೆಲ್ ನೀರು ಗಡುಸು. ಅಂಥ ನೀರಿಗೆ ಹೊಂದುವ ಮೋಲಿ, ಪ್ಲಾಟಿ ಮೀನುಗಳನ್ನು ತಂದು ಬಿಟ್ಟೆ. ಕಪ್ಪು, ಕೆಂಪು, ಹಳದಿ, ಎಲ್ಲವೂ ಚುರುಕು. ಸದ್ದಿಗೆ ಹೆದರುವ ಜಾತಿಯೇ ಅಲ್ಲ, ಜನ ಬಂದರೆ ಊಟಕ್ಕೆ ಗಾಜಿನ ಹತ್ತಿರ ಓಡಿ ಬರುತ್ತವೆ. ಮನೆಯವರೆಲ್ಲ ಹೋ ಎಂದು ಸಂಭ್ರಮಪಟ್ಟರು. ನನ್ನ ಕೆಲಸ ಚೆನ್ನಾಗಿ ಮುಗಿಯಿತು ಎಂದುಕೊಂಡು ಬಂದೆ.

ಮತ್ತೆ ಹೋದಾಗ ಬೀದಿಯ ತುದಿಯಿಂದಲೇ ಅವರ ಮಾತು ಕೇಳಿಸಿತು. ಹಳದಿ ಮೀನು ಯಾರ ಪಾಲಿಗೆ ಎಂಬಲ್ಲಿಂದ ಹೊರಟು ಮೋಟಾರಿಗೆ ಬಂದಿದ್ದರು. ಗಾರೆಯವನಿಗೆ ಫೋನ್ ಹೋಗಿತ್ತು. ತಾಯಿ ಮೂಲೆಯಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದರು. ಶಾರದಮ್ಮ ನನ್ನ ಉದ್ದನೆಯ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಅಕ್ಕಾ, ಇವನ್ನ ತಗಂಡ್ ಹೋಗ್ರಿ. ಮೊದ್ಲಿಂದೇ ಇರ್ಲಿ," ಎಂದರು.

ನಾನು ತಡವರಿಸಿ, ಮೊದಲಿನದು ಎಂದರೆ ಎಂದು ಶುರು ಮಾಡಿದೆ.

"ನಂಗೊತ್ತಿಲ್ವೇನ್ರಿ. ದಿನಾ ಆ ತೊಟ್ಟಿ ಒರ್ಸೋಳು ನಾನೇ ಅಲ್ವ," ಎಂದರು. "ಇತ್ತೋ ಇಲ್ವೋ ಅದು ಬ್ಯಾರೆ. ಅದು ಇದ್ದಾಗ ಅಣ್ಣತಮ್ರು ಒಂದೇ ಚಾಪೆ ಮ್ಯಾಲೆ ಕುಂತಿದ್ರು."

ಅವರ ಕಣ್ಣಲ್ಲಿ ನೀರಿತ್ತು. ಸಾಬರಾಗಿದ್ದರೆ ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಮಾರನೆಯ ದಿನ ಗಂಡಸರು ಕೆಲಸಕ್ಕೆ ಹೋದ ಮೇಲೆ ಬಂದು, ಮೋಲಿ ಪ್ಲಾಟಿಗಳನ್ನೆಲ್ಲ ಹಿಡಿದೆ. ಅವುಗಳ ಬದಲು ಒಂದು ಮೀಸೆ ಮೀನು ತಂದಿದ್ದೆ, ಕಲ್ಲಿನ ಬಣ್ಣದ್ದು, ಹೆಬ್ಬೆರಳಿನಷ್ಟು, ಹಗಲೆಲ್ಲ ಸಂದಿಯಲ್ಲಿ ಅವಿತಿರುವ ಜಾತಿ. ಅದರ ಚೀಲವನ್ನು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ಆ ನೀರು ಬೆರೆಸಿ, ಕಾವು ಹೊಂದಿದ ಮೇಲೆ ಬಿಟ್ಟೆ. ಹೊಸ ಮೀನನ್ನು ಯಾವಾಗಲೂ ಹಾಗೆಯೇ ಬಿಡಬೇಕು, ಸೀದಾ ಸುರಿಯಬಾರದು. ಅದು ಬಾಣದಂತೆ ಕಲ್ಲಿನಡಿ ಹೋಯಿತು. ತೊಟ್ಟಿ ಖಾಲಿ ಕಂಡಿತು. ಆ ಬಣ್ಣದ ಮೀನುಗಳ ಗಲಾಟೆಗೆ ಮೊದಲಿನದು ಹೊರಗೇ ಬರುತ್ತಿರಲಿಲ್ಲ, ಅದಕ್ಕೆ ಕಳಿಸಿಬಿಟ್ಟೆ ಎಂದು ಶಾರದಮ್ಮ ಸಂಜೆ ಮನೆಯವರಿಗೆಲ್ಲ ಹೇಳಿದರಂತೆ. ಯಾರೂ ಎದುರಾಡಲಿಲ್ಲ. ತಾಯಿ ಎದ್ದು ಹೋಗಿ ಚಾಪೆ ಹಾಸಿದರು.

ಮುಂದಿನ ಸಲ ಹೋದಾಗ ಅಣ್ಣತಮ್ಮಂದಿರು ತೊಟ್ಟಿಯ ಆಚೆಗೊಬ್ಬರು ಈಚೆಗೊಬ್ಬರು ಕೂತಿದ್ದರು. ಗೋಡೆಗೆಂದು ತಂದ ಇಟ್ಟಿಗೆಯನ್ನು ತೊಟ್ಟಿಯ ಮೇಜಿನ ಕೆಳಗೆ ಆಸರೆಯಾಗಿ ಜೋಡಿಸಿದ್ದರು, ನೀರಿನ ಭಾರಕ್ಕೆ ಅದು ಒಳ್ಳೆಯದೇ. ನಾನು ಸದ್ದಿಲ್ಲದೆ ಸ್ಪಂಜು ತೆಗೆಯುತ್ತಿದ್ದೆ. ಆಗ ಕಲ್ಲಿನ ಸಂದಿಯಿಂದ ಎರಡು ಮೀಸೆ ಹೊರಗೆ ಬಂದವು. ಹಿಂದೆಯೇ ತಲೆ, ಆಮೇಲೆ ಇಡೀ ಮೀನು. ಮೆಲ್ಲಗೆ ಗಾಜಿನವರೆಗೆ ಬಂದು, ಒಂದು ಸುತ್ತು ಹಾಕಿ ಒಳಗೆ ಹೋಯಿತು. ತಾವು ಕಟ್ಟಿದ ಸುಳ್ಳಿಗೆ ಮೀಸೆ ಬಂದದ್ದನ್ನು ರುದ್ರಪ್ಪ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಚಂದ್ರಪ್ಪ ಮಾತ್ರ ಹಣೆ ಗಂಟಿಕ್ಕಿ ನನ್ನನ್ನು ಹತ್ತಿರ ಕರೆದರು.

"ಇದು ಅದಲ್ಲ ಅಕ್ಕ," ಎಂದು ಕಿವಿಯಲ್ಲಿ ಹೇಳಿದರು. "ಅದಕ್ಕೆ ಹಣೆ ಮ್ಯಾಲೆ ಕೆಂಪೈತೆ. ಒಂದೇ ಐತಲ್ಲ ಪಾಪ ಅಂತ ನಂಗೂ ಅನ್ಸಿತ್ತು. ಜತೆ ಮಾಡಿ ಒಳ್ಳೇದ್ ಮಾಡಿದ್ರಿ."

ಆ ಪಿಸುಮಾತು ತೊಟ್ಟಿಯ ಆಚೆ ಕೂತ ರುದ್ರಪ್ಪನವರಿಗೂ ಕೇಳಿಸಿತು. ಅವರು ಅಣ್ಣನನ್ನು ನೋಡಿದರು, ಆಮೇಲೆ ಕಲ್ಲಿನ ಕಡೆ ನೋಡಿದರು.

"ಮೆತ್ತಗೆ ಮಾತಾಡಣ್ಣ," ಎಂದರು. "ಎರಡೂ ಒಳಕ್ಕೋಗ್ತಾವೆ."